ಸಟೈವಾ, ಸಟೈವಮ್, ಸಟೈವಸ್: ಗಿಡ ಮತ್ತು ಪ್ರಾಣಿಗಳ ಹೆಸರುಗಳೊಳಗಿನ ಲ್ಯಾಟಿನ್

ಪ್ರಶ್ನೆ: ನಾನು ಪದವಿ ತರಗತಿಯಲ್ಲಿ ಜೀವಶಾಸ್ತ್ರ ಓದುತ್ತಿರುವ ವಿದ್ಯಾರ್ಥಿನಿ. ಭತ್ತಕ್ಕೆ ಒರೈಜಾ ಸಟೈವಾ, ಬಟಾಣಿಗೆ ಪೈಸಮ್ ಸಟೈವಮ್, ಕೇಸರಿಗೆ ಕ್ರೋಕಸ್ ಸಟೈವಸ್ ಎಂಬ ಹೆಸರುಗಳಿವೆ. ಒಂದೇ ಪದ ಮೂರು ಬಗೆಯಾಗಿ ಬರುವುದೇಕೆ? ಸರ್ಪಗಂಧಿಯ ಹೆಸರಾದ ರೌವೋಲ್ಫಿಯಾ ಸರ್ಪೆಂಟೈನಾದಲ್ಲಿ ನಮ್ಮ ‘ಸರ್ಪ’ವೇ ಇರುವುದರಿಂದ ಲ್ಯಾಟಿನ್ ಸಂಸ್ಕೃತದಿಂದ ಹುಟ್ಟಿತೆಂದು ನನ್ನ ಗೆಳತಿ ವಾದಿಸುತ್ತಾಳೆ, ಅದು ಸರಿಯೇ? ತುಳಸಿಯ ಹೆಸರು ಹಳೆಯ ಪುಸ್ತಕಗಳಲ್ಲಿ ಆಸಿಮಮ್ ಸ್ಯಾಂಕ್ಟಮ್ ಎಂದೂ ಹೊಸವುಗಳಲ್ಲಿ ಆಸಿಮಮ್ ಟೆನ್ಯುಯಿಫ್ಲೋರಮ್ ಎಂದೂ ಇದೆ, ಇದೇಕೆ ಬದಲಾಯಿತು? ಇವನ್ನೆಲ್ಲ ಬಾಯಿಪಾಠ ಮಾಡದೆ ತಿಳಿದುಕೊಳ್ಳಲು ಲ್ಯಾಟಿನ್ ಕಲಿಯಲೇಬೇಕೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಲ್ಯಾಟಿನ್ ಭಾಷೆಯನ್ನು ಕಲಿಯುವ ಅಗತ್ಯವಿಲ್ಲ. ಆ ಭಾಷೆಯ ವ್ಯಾಕರಣದ ಒಂದು ಸಣ್ಣ ಮೂಲೆಯನ್ನು, ಜೊತೆಗೆ ನೂರಿನ್ನೂರು ಪದಗಳನ್ನು ತಿಳಿದುಕೊಂಡರೆ ಸಾಕು. ಶಾಲೆಯಲ್ಲಿ ಕನ್ನಡ ವ್ಯಾಕರಣ ಓದಿರುವ ನಿಮಗೆ ಆ ಮೂಲೆ ಅಪರಿಚಿತವೂ ಅಲ್ಲ. ವಿಶೇಷಣ, ವಿಶೇಷ್ಯ, ಲಿಂಗ, ಷಷ್ಠೀ ವಿಭಕ್ತಿ, ಬಹುವ್ರೀಹಿ ಸಮಾಸ ಎಂಬ ಐದು ಪದಗಳ ಅರ್ಥ ನೆನಪಿದ್ದರೆ ಈ ಹೆಸರುಗಳಲ್ಲಿ ಬಹುಪಾಲನ್ನು ಬಿಡಿಸಬಹುದು. ಹೆಸರುಗಳನ್ನು ಉರುಹೊಡೆಯಬೇಕಾದ ಅಕ್ಷರಮಾಲೆಯೆಂದು ತಿಳಿಯದೆ, ಎರಡು ಪದಗಳ ಒಂದು ಪುಟ್ಟ ಪದಪುಂಜವೆಂದು ಓದುವುದೇ ಇಲ್ಲಿರುವ ಉಪಾಯ.

ಎರಡು ಪದಗಳ ಈ ಪದ್ಧತಿಯನ್ನು ನೆಲೆಗೊಳಿಸಿದವನು ಸ್ವೀಡನ್ನಿನ ಕಾರ್ಲ್ ಲಿನೇಯಸ್. ಸಸ್ಯಗಳ ಹೆಸರುಗಳಿಗೆ ಅವನ 1753ರ ಗ್ರಂಥವನ್ನೂ ಪ್ರಾಣಿಗಳ ಹೆಸರುಗಳಿಗೆ 1758ರ ಗ್ರಂಥವನ್ನೂ ಆರಂಭಬಿಂದುವೆಂದು ಇಂದಿಗೂ ಪರಿಗಣಿಸಲಾಗುತ್ತದೆ. ಅದಕ್ಕೂ ಮುಂಚೆ ಗಿಡದ ಹೆಸರೆಂದರೆ ಒಂದಿಡೀ ವಿವರಣೆಯೇ ಆಗಿತ್ತು. ಗುಪ್ಪಟೆ ಗಿಡದ ಬಳಗಕ್ಕೆ ಸೇರಿದ ಒಂದು ಸಸ್ಯವನ್ನು ‘ಒಂದೇ ವರ್ಷ ಬಾಳುವ, ಬಹಳವಾಗಿ ಕವಲೊಡೆಯುವ, ಕೋನಗಳುಳ್ಳ ನುಣುಪು ರೆಂಬೆಗಳ, ಹಲ್ಲುಹಲ್ಲಾದ ಅಂಚಿನ ಎಲೆಗಳ ಫೈಸಾಲಿಸ್’ ಎಂಬ ಅರ್ಥ ಬರುವಂತೆ ಲ್ಯಾಟಿನ್ನಿನಲ್ಲಿ ಉದ್ದಕ್ಕೆ ಹೇಳಬೇಕಿತ್ತು. ಲಿನೇಯಸ್ ಅದನ್ನು ಫೈಸಾಲಿಸ್ ಆಂಗ್ಯುಲೇಟಾ, ಅಂದರೆ ‘ಕೋನಗಳುಳ್ಳ ಫೈಸಾಲಿಸ್’ ಎಂದು ಎರಡೇ ಪದಗಳಿಗೆ ಇಳಿಸಿದನು. ಮೊದಲ ಪದ ಕುಲದ್ದು, ಎರಡನೆಯದು ಆ ಕುಲದೊಳಗಿನ ಪ್ರಭೇದವನ್ನು ಗುರುತಿಸುವಂಥದು. ಹಳೆಯ ವಿವರಣೆಯ ಒಂದು ಚೂರು ಮಾತ್ರ ಎರಡನೆಯ ಪದವಾಗಿ ಉಳಿದುಕೊಂಡಿತು. ಆ ಚೂರು ಸಾಮಾನ್ಯವಾಗಿ ವಿಶೇಷಣ. ನಿಮ್ಮ ಮೊದಲ ಪ್ರಶ್ನೆಯ ಉತ್ತರ ಇರುವುದೂ ಅಲ್ಲಿಯೇ.

ಅಚ್ಚಗನ್ನಡದ ವಿಶೇಷಣಗಳು ನಾಮಪದದ ಲಿಂಗವನ್ನು ಲೆಕ್ಕಿಸುವುದಿಲ್ಲ. ಒಳ್ಳೆಯ ಹುಡುಗ, ಒಳ್ಳೆಯ ಹುಡುಗಿ, ಒಳ್ಳೆಯ ಮರ ಎನ್ನುವಾಗ ‘ಒಳ್ಳೆಯ’ ಎಂಬುದು ಎಲ್ಲಿಯೂ ಅಲುಗಾಡುವುದಿಲ್ಲ. ಸಂಸ್ಕೃತದಲ್ಲಿ ಹಾಗಲ್ಲ: ‘ಹೊಸ’ ಎಂಬ ಅರ್ಥದ ಪದ ಪುಲ್ಲಿಂಗದ ಜೊತೆಗೆ ನವಃ, ಸ್ತ್ರೀಲಿಂಗದ ಜೊತೆಗೆ ನವಾ, ನಪುಂಸಕಲಿಂಗದ ಜೊತೆಗೆ ನವಮ್ ಆಗುತ್ತದೆ. ಲ್ಯಾಟಿನ್ನಿನಲ್ಲಿ ಅದೇ ಅರ್ಥದ ಪದ ಕ್ರಮವಾಗಿ ನೋವುಸ್, ನೋವಾ, ನೋವುಮ್. ಸಟೈವಸ್, ಸಟೈವಾ, ಸಟೈವಮ್ ಎಂಬ ಮೂರು ರೂಪಗಳೂ ಹೀಗೆಯೇ ಒಂದೇ ವಿಶೇಷಣದ ಮೂರು ಲಿಂಗಗಳು. ಕ್ರೋಕಸ್ ಪುಲ್ಲಿಂಗ, ಒರೈಜಾ ಸ್ತ್ರೀಲಿಂಗ, ಪೈಸಮ್ ನಪುಂಸಕ. ವಿಶೇಷಣ ತನ್ನ ವಿಶೇಷ್ಯಕ್ಕೆ ಹೊಂದಿಕೊಂಡಿದೆ, ಅಷ್ಟೇ. ಬಿತ್ತನೆಗೆ ಸಂಬಂಧಿಸಿದ ಧಾತುವಿನಿಂದ ಬಂದ ಈ ಪದದ ಅರ್ಥ ‘ಬಿತ್ತಿ ಬೆಳೆದದ್ದು’ ಎಂದು. ಸೌತೆಕಾಯಿ, ಮೂಲಂಗಿ, ಬೆಳ್ಳುಳ್ಳಿ, ಕೊತ್ತಂಬರಿ, ಓಟ್ಸ್ ಇವೆಲ್ಲವುಗಳ ಹೆಸರಿನಲ್ಲಿಯೂ ಇದೇ ಪದ ಯಾವುದೋ ಒಂದು ರೂಪದಲ್ಲಿ ಬರುತ್ತದೆ.

(ಉಚ್ಚಾರದ ಬಗ್ಗೆ ಒಂದು ಮಾತು. ‘ಸಟೈವಾ’ ಎಂಬುದು ಇಂಗ್ಲಿಷ್ ಬಲ್ಲವರ ನಾಲಗೆಯ ಮೂಲಕ ನಮಗೆ ಬಂದ ರೂಪ. ರೋಮನ್ನರು ಅದನ್ನು ‘ಸತೀವ’ ಎಂಬಂತೆ ನುಡಿಯುತ್ತಿದ್ದರು. ನಮ್ಮ ಪಠ್ಯಪುಸ್ತಕಗಳಲ್ಲಿ ರೂಢಿಯಾಗಿರುವುದನ್ನೇ ನಾನೂ ಬರೆದಿದ್ದೇನೆ. ನಾಮಕರಣದ ನಿಯಮಗಳು ಕಾಗುಣಿತವನ್ನು ಕಟ್ಟುನಿಟ್ಟಾಗಿ ನೋಡುತ್ತವೆಯೇ ಹೊರತು ಉಚ್ಚಾರವನ್ನಲ್ಲ. ಆದುದರಿಂದ ಈ ವಿಷಯದಲ್ಲಿ ಯಾರಾದರೂ ನಿಮ್ಮನ್ನು ತಿದ್ದಲು ಬಂದರೆ ಹೆದರಬೇಕಾಗಿಲ್ಲ.)

ಲಿಂಗದ ಹೊಂದಾಣಿಕೆ ಎಷ್ಟು ಗಟ್ಟಿಯಾದುದೆಂಬುದಕ್ಕೆ ಗುಬ್ಬಚ್ಚಿಯೇ ಸಾಕ್ಷಿ. ಲಿನೇಯಸ್ ಅದನ್ನು 1758ರಲ್ಲಿ ಫ್ರಿಂಜಿಲ್ಲಾ ಡೊಮೆಸ್ಟಿಕಾ ಎಂದು ಕರೆದಿದ್ದನು, ಫ್ರಿಂಜಿಲ್ಲಾ ಸ್ತ್ರೀಲಿಂಗ. ಮುಂದೆ ಹಕ್ಕಿಯನ್ನು ಪ್ಯಾಸರ್ ಎಂಬ ಪುಲ್ಲಿಂಗದ ಕುಲಕ್ಕೆ ವರ್ಗಾಯಿಸಿದಾಗ ‘ಡೊಮೆಸ್ಟಿಕಾ’ ತಾನಾಗಿಯೇ ‘ಡೊಮೆಸ್ಟಿಕಸ್’ ಆಯಿತು. ಪದ ಅದೇ, ಹಕ್ಕಿಯೂ ಅದೇ. ಮನೆ ಬದಲಾದುದರಿಂದ ಪದದ ಬಾಲ ಮಾತ್ರ ಬದಲಾಯಿತು. ಹಳೆಯ ಮತ್ತು ಹೊಸ ಪುಸ್ತಕಗಳಲ್ಲಿ ಹೆಸರಿನ ಕೊನೆಯ ಅಕ್ಷರಗಳು ಬೇರೆಯಾಗಿ ಕಂಡಾಗ ಅಚ್ಚಿನ ತಪ್ಪೆಂದು ತೀರ್ಮಾನಿಸುವ ಮುನ್ನ ಮೊದಲ ಪದ ಬದಲಾಗಿದೆಯೇ ಎಂದು ನೋಡಿ.

ಇಲ್ಲಿ ಎರಡು ಕಡೆ ವಿದ್ಯಾರ್ಥಿಗಳು ತಪ್ಪದೆ ಎಡವುತ್ತಾರೆ. ಒಂದು, ‘-ಅಸ್’ ಎಂದು ಮುಗಿದ ಕೂಡಲೇ ಪುಲ್ಲಿಂಗವೆಂದುಕೊಳ್ಳುವುದು. ಲ್ಯಾಟಿನ್ ಭಾಷಿಕರು ಮರಗಳನ್ನು ಸ್ತ್ರೀಯರೆಂದೇ ಭಾವಿಸಿದ್ದರು. ಹೀಗಾಗಿ ಫೈಕಸ್, ಕ್ವೆರ್ಕಸ್, ಪ್ರೂನಸ್, ಪೈನಸ್ ಇವು ನೋಡಲು ಗಂಡಿನ ಹೆಸರಿನಂತಿದ್ದರೂ ಸ್ತ್ರೀಲಿಂಗಗಳೇ. ಅರಳಿಮರ ಫೈಕಸ್ ರಿಲಿಜಿಯೋಸಾ ಆಗಿರುವುದು, ರಿಲಿಜಿಯೋಸಸ್ ಆಗದಿರುವುದು ಈ ಕಾರಣಕ್ಕೆ. ಇನ್ನೊಂದು, ಇದರ ತಿರುಗುಮುರುಗು: ‘-ಕೋಲಾ’ ಎಂಬ ತುದಿಗೆ ‘ಇಂಥಲ್ಲಿ ವಾಸಿಸುವವನು’ ಎಂಬ ಅರ್ಥವಿದ್ದು, ‘ಬೆಟ್ಟವಾಸಿ’ ಎಂಬರ್ಥದ ಮಾಂಟಿಕೋಲಾ ಎಂಬ ಹಕ್ಕಿಯ ಕುಲ ‘ಆ’ಕಾರದಲ್ಲಿ ಮುಗಿದರೂ ಪುಲ್ಲಿಂಗವಾಗಿದೆ. ಅದರ ಒಂದು ಪ್ರಭೇದ ಮಾಂಟಿಕೋಲಾ ಸಾಲಿಟೇರಿಯಸ್, ‘ಒಂಟಿಯಾಗಿರುವ ಬೆಟ್ಟವಾಸಿ’.

ಎಲ್ಲ ವಿಶೇಷಣಗಳಿಗೂ ಮೂರು ರೂಪಗಳಿಲ್ಲ. ‘-ಇಸ್’ ಎಂದು ಮುಗಿಯುವವು ಪುಲ್ಲಿಂಗ ಸ್ತ್ರೀಲಿಂಗಗಳೆರಡಕ್ಕೂ ಒಂದೇ ರೂಪದಲ್ಲಿದ್ದು ನಪುಂಸಕದಲ್ಲಿ ಮಾತ್ರ ‘-ಎ’ ಆಗುತ್ತವೆ. ಹುರುಳಿಕಾಯಿ ಫೇಸಿಯೋಲಸ್ ವಲ್ಗ್ಯಾರಿಸ್ ಆದರೆ ಬಾರ್ಲಿ ಹಾರ್ಡಿಯಮ್ ವಲ್ಗೇರ್; ಎರಡೂ ‘ಸಾಮಾನ್ಯವಾದದ್ದು’. ಸೇಪಿಯನ್ಸ್, ರೆಪೆನ್ಸ್, ಬೈಕಲರ್ ಮೊದಲಾದವು ಮೂರು ಲಿಂಗಗಳಲ್ಲಿಯೂ ಒಂದೇ. ಎರಡನೆಯ ಪದ ಸ್ವತಃ ನಾಮಪದವಾಗಿದ್ದರೆ, ಉದಾಹರಣೆಗೆ ಸಿಂಹದ ಪ್ಯಾಂಥೆರಾ ಲಿಯೋ, ಅದು ಯಾವ ಕುಲಕ್ಕೆ ಹೋದರೂ ಹಾಗೆಯೇ ಇರುತ್ತದೆ. ಕೆಲವು ಹೆಸರುಗಳಲ್ಲಿ ಎರಡನೆಯ ಪದ ಷಷ್ಠೀ ವಿಭಕ್ತಿಯಲ್ಲಿರುತ್ತದೆ. ಎಲೆಕೋಸನ್ನು ತಿನ್ನುವ ಚಿಟ್ಟೆ ಪೈರಿಸ್ ಬ್ರ್ಯಾಸಿಕೇ, ಅಂದರೆ ‘ಕೋಸಿನ ಪೈರಿಸ್’. ಗಂಡಸಿನ ಗೌರವಾರ್ಥ ಇಟ್ಟ ಹೆಸರು ಸಾಮಾನ್ಯವಾಗಿ ‘-ಇ’ ಎಂದೂ ಹೆಂಗಸಿನದು ‘-ಏ’ ಎಂದೂ ಮುಗಿಯುವುದು ಈ ವಿಭಕ್ತಿಯಿಂದಲೇ. ಆದರೆ ‘-ಇ’ ಕಂಡಲ್ಲೆಲ್ಲ ಒಬ್ಬ ಮಹನೀಯನನ್ನು ಹುಡುಕಬೇಡಿ: ಡೆಂಗಿ ಹರಡುವ ಈಡಿಸ್ ಈಜಿಪ್ಟಿ ಎಂಬ ಸೊಳ್ಳೆಯ ಹೆಸರಿನಲ್ಲಿರುವುದು ವ್ಯಕ್ತಿಯಲ್ಲ, ಈಜಿಪ್ಟ್ ದೇಶ.

ಇನ್ನು ಧಾತುಗಳ ವಿಷಯ. ಆವಾಸವನ್ನು ಹೇಳುವ ಪದಗಳು ಸುಲಭ: ಸಿಲ್ವೆಸ್ಟ್ರಿಸ್ ಕಾಡಿನದು, ಪಲುಸ್ಟ್ರಿಸ್ ಜೌಗಿನದು, ಮೊಂಟಾನಸ್ ಬೆಟ್ಟದ್ದು, ಅಕ್ವಾಟಿಕಸ್ ನೀರಿನದು, ‘-ಎನ್ಸಿಸ್’ ಎಂಬ ತುದಿ ‘ಇಂಥ ಊರಿನದು, ನಾಡಿನದು’ ಎನ್ನುತ್ತದೆ. ಬಣ್ಣಗಳನ್ನೂ ಹೀಗೆಯೇ ಪಟ್ಟಿಮಾಡಿಕೊಂಡು ಒಂದು ಸಂಜೆಯಲ್ಲಿ ಕಲಿಯಬಹುದು. ನನಗೆ ಹೆಚ್ಚು ಇಷ್ಟವಾದುದು ಆಫಿಸಿನ್ಯಾಲಿಸ್ ಎಂಬ ಪದ. ಆಫಿಸಿನಾ ಎಂದರೆ ಕಾರ್ಯಾಗಾರ. ಮಧ್ಯಯುಗದ ಮಠಗಳಲ್ಲಿ ಅದು ಔಷಧಿಗಳನ್ನು ಸಿದ್ಧಪಡಿಸಿ ಇಡುವ ಕೋಣೆಯ ಹೆಸರಾಯಿತು. ಆ ಕೋಣೆಯ ಕಪಾಟಿಗೆ ಸೇರಿದ ಗಿಡಗಳೆಲ್ಲ ಆಫಿಸಿನ್ಯಾಲಿಸ್. ಶುಂಠಿ ನಪುಂಸಕಲಿಂಗವಾದುದರಿಂದ ಜಿಂಜಿಬರ್ ಆಫಿಸಿನೇಲ್. ಒಂದು ಗಿಡದ ಹೆಸರಿನಲ್ಲಿ ಈ ಪದವಿದ್ದರೆ ಅದನ್ನು ಎಂದೋ ಮದ್ದಾಗಿ ಬಳಸುತ್ತಿದ್ದರೆಂದು ತಿಳಿಯುತ್ತದೆ. ಅದು ನಿಜವಾಗಿ ರೋಗ ವಾಸಿಮಾಡುತ್ತದೆಯೇ ಎಂಬುದಕ್ಕೆ ಹೆಸರು ಪ್ರಮಾಣವಲ್ಲ.

ಸಮಾಸಪದಗಳಲ್ಲಿ ‘-ಫೆರಾ’ ಎಂಬ ತುದಿ ನಿಮಗೆ ಅಡಿಗಡಿಗೂ ಎದುರಾಗುತ್ತದೆ. ‘ಫೆರ್‍’ ಎಂಬ ಧಾತುವಿಗೆ ಹೊರು, ಧರಿಸು ಎಂದರ್ಥ. ತೆಂಗು ಕೋಕಸ್ ನ್ಯೂಸಿಫೆರಾ, ಕಾಯಿ ಹೊರುವುದು. ದ್ರಾಕ್ಷಿ ವೈಟಿಸ್ ವಿನಿಫೆರಾ, ದ್ರಾಕ್ಷಾರಸವನ್ನು ಕೊಡುವುದು. ನುಗ್ಗೆ ಮೊರಿಂಗಾ ಒಲಿಫೆರಾ, ಎಣ್ಣೆ ಕೊಡುವುದು. ನೀಲಿ ಗಿಡ ಇಂಡಿಗೋಫೆರಾ ಟಿಂಕ್ಟೋರಿಯಾ, ಬಣ್ಣಗಾರರ ನೀಲಿಧಾರಿಣಿ. ಸಂಸ್ಕೃತದ ‘ಭೃ’ ಧಾತು ಇದರ ಒಡಹುಟ್ಟು. ಭಾರ, ಭರಿಸು ಎಂಬ ನಮ್ಮ ನಿತ್ಯದ ಮಾತುಗಳಲ್ಲಿ ಇರುವುದೂ ಅದೇ. ‘ಫೆರಾ’ ಎಂಬಲ್ಲಿ ‘ಭಾರ’ವನ್ನು ಒಮ್ಮೆ ಗುರುತಿಸಿದವರು ಆ ತುದಿಯ ಅರ್ಥವನ್ನು ಮತ್ತೆ ಮರೆಯುವುದಿಲ್ಲ.

‘-ಫ್ಲೋರಾ’, ‘-ಫೋಲಿಯಾ’, ‘-ರೋಸ್ಟ್ರಿಸ್’ ಎಂದು ಮುಗಿಯುವವು ಬೇರೆ ಬಗೆಯ ಸಮಾಸಗಳು. ಗ್ರ್ಯಾಂಡಿಫ್ಲೋರಾ ಎಂದರೆ ದೊಡ್ಡ ಹೂವಲ್ಲ, ದೊಡ್ಡ ಹೂವುಳ್ಳದ್ದು. ಆಂಗಸ್ಟಿಫೋಲಿಯಾ ಎಂದರೆ ಕಿರಿದಾದ ಎಲೆಗಳುಳ್ಳದ್ದು. ಲಾಂಜಿರೋಸ್ಟ್ರಿಸ್ ಎಂದರೆ ನೀಳ ಕೊಕ್ಕುಳ್ಳದ್ದು. ಮುಕ್ಕಣ್ಣ ಎಂದರೆ ಮೂರು ಕಣ್ಣುಗಳಲ್ಲ, ಮೂರು ಕಣ್ಣುಳ್ಳವನು ಎಂದು ಬಹುವ್ರೀಹಿಯ ಪಾಠದಲ್ಲಿ ನೀವು ಕಲಿತದ್ದು ಇಲ್ಲಿ ಹಾಗೆಯೇ ಅನ್ವಯಿಸುತ್ತದೆ. ವಿಶೇಷ್ಯ ಸಮಾಸದ ಹೊರಗಿದೆ. ಅದು ಕುಲದ ಹೆಸರು.

‘ಲ್ಯಾಟಿನ್ ಹೆಸರು’ ಎಂದು ನಾವು ಕರೆಯುವುದರಲ್ಲಿ ಎಲ್ಲವೂ ಲ್ಯಾಟಿನ್ ಅಲ್ಲ ಎಂಬುದನ್ನೂ ಹೇಳಬೇಕು. ಅರ್ಧದಷ್ಟು ಸರಕು ಗ್ರೀಕಿನದು. ಹಿಪೊಪೊಟಾಮಸ್, ರೋಡೊಡೆಂಡ್ರಾನ್ ಇವು ಲ್ಯಾಟಿನ್ ಉಡುಪು ತೊಟ್ಟ ಗ್ರೀಕ್ ಪದಗಳು. ನಮ್ಮ ಭಾಷೆಗಳಿಂದ ಹೋದ ಪದಗಳಿಗೂ ಅದೇ ಉಡುಪು ದೊರೆತಿದೆ. ಮಾವಿನ ಮ್ಯಾಂಜಿಫೆರಾದಲ್ಲಿ ಮೊದಲರ್ಧ ಮಲಯಾಳಂನ ‘ಮಾಂಗ’, ಉಳಿದರ್ಧ ಮೇಲೆ ಹೇಳಿದ ‘ಫೆರಾ’. ಮೊರಿಂಗಾ ಎಂಬುದು ‘ಮುರುಂಗೈ’, ‘ಮುರಿಂಗ’ ಎಂಬ ದ್ರಾವಿಡ ಪದದಿಂದ ಬಂದಿದೆ. ಅಡಿಕೆಯ ಕುಲನಾಮ ಅರೆಕಾ ನಮ್ಮ ‘ಅಡಿಕೆ’ಗೆ ಹತ್ತಿರದ ನಂಟ, ಪೋರ್ಚುಗೀಸರು ಆ ಪದವನ್ನು ಪಶ್ಚಿಮ ಕರಾವಳಿಯಲ್ಲಿ ಕೇಳಿ ಯುರೋಪಿಗೆ ಒಯ್ದರು. ನಾಗರಹಾವಿನ ನಾಜಾ ನಾಜಾ ‘ನಾಗ’ವೇ. (ಕುಲಕ್ಕೂ ಪ್ರಭೇದಕ್ಕೂ ಹೀಗೆ ಒಂದೇ ಪದವನ್ನಿಡಲು ಪ್ರಾಣಿಶಾಸ್ತ್ರದಲ್ಲಿ ಅನುಮತಿಯುಂಟು, ಸಸ್ಯಶಾಸ್ತ್ರದಲ್ಲಿ ಇಲ್ಲ.) 1678ರಿಂದ 1693ರವರೆಗೆ ಆಮ್‌ಸ್ಟರ್‌ಡಾಮಿನಲ್ಲಿ ಹನ್ನೆರಡು ಸಂಪುಟಗಳಾಗಿ ಪ್ರಕಟವಾದ ಹಾರ್ಟಸ್ ಮಲಬಾರಿಕಸ್ ಲಿನೇಯಸ್‌ನ ಕೈಸೇರಿತ್ತು, ಮಲಬಾರಿನ ಎಷ್ಟೋ ಗಿಡಗಳನ್ನು ಅವನು ಕಂಡದ್ದು ಅದರ ಚಿತ್ರಗಳಲ್ಲಿ.

ಈಗ ನಿಮ್ಮ ಗೆಳತಿಯ ವಾದಕ್ಕೆ ಬರೋಣ. ಆಕೆ ಕಂಡ ಹೋಲಿಕೆ ನಿಜವಾದುದು, ಅದರಿಂದ ತೆಗೆದ ತೀರ್ಮಾನ ಮಾತ್ರ ತಪ್ಪು. ಲ್ಯಾಟಿನ್ನಿನ ‘ಸೆರ್ಪೆನ್ಸ್’ ಮತ್ತು ಸಂಸ್ಕೃತದ ‘ಸರ್ಪ’ ಎರಡೂ ‘ತೆವಳು’ ಎಂಬರ್ಥದ ಒಂದೇ ಧಾತುವಿನಿಂದ ಬಂದವು. ಆದರೆ ಒಂದು ಇನ್ನೊಂದರ ಮಗುವಲ್ಲ. ಎರಡೂ ಈಗ ಉಳಿದಿಲ್ಲದ ಒಂದು ಪ್ರಾಚೀನ ಭಾಷೆಯ ಮಕ್ಕಳು. ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯಲ್ಲಿ ಮಾಡಿದ ಭಾಷಣದಲ್ಲಿ ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳಿಗೆ ಇಂಥ ಸಮಾನ ಮೂಲವೊಂದಿರಬೇಕು ಎಂದು ಹೇಳಿದ ಮೇಲೆ ಈ ಅಧ್ಯಯನ ಬಹಳ ದೂರ ಸಾಗಿದೆ. ಪ್ರಾಣಿಗಳ ಹೆಸರುಗಳಲ್ಲಿ ಈ ನಂಟು ಎದ್ದು ಕಾಣುತ್ತದೆ: ಎಕ್ವಸ್ ಮತ್ತು ಅಶ್ವ, ಬೋಸ್ ಮತ್ತು ಗೋ, ಮುಸ್ ಮತ್ತು ಮೂಷಕ, ಸುಸ್ ಮತ್ತು ಸೂಕರ, ಓವಿಸ್ ಮತ್ತು ಕುರಿಯೆಂಬರ್ಥದ ಅವಿ, ಉರ್ಸಸ್ ಮತ್ತು ಕರಡಿಯೆಂಬರ್ಥದ ಋಕ್ಷ. ಗುಬ್ಬಚ್ಚಿಯ ‘ಡೊಮೆಸ್ಟಿಕಸ್’ನೊಳಗೆ ಮನೆಯೆಂಬರ್ಥದ ‘ದೊಮುಸ್’ ಇದೆ. ವೇದಕಾಲದ ಸಂಸ್ಕೃತದಲ್ಲಿ ಅದರ ಜೊತೆಗಾರ ಪದ ‘ದಮ್’. ಅದು ಒಂಟಿಯಾಗಿ ಬಳಕೆ ತಪ್ಪಿಹೋದರೂ ‘ದಂಪತಿ’, ಅಂದರೆ ಮನೆಯ ಒಡೆಯರು, ಎಂಬ ಪದದಲ್ಲಿ ಇನ್ನೂ ಇದೆ.

ಆದರೆ ಕಿವಿಗೆ ಹತ್ತಿರವಾದುದೆಲ್ಲ ನೆಂಟರಲ್ಲ; ಇಲ್ಲಿ ಎಚ್ಚರ ಬೇಕು. ಜೇನಿಗೆ ಲ್ಯಾಟಿನ್ನಿನಲ್ಲಿ ‘ಮೆಲ್’, ಸಂಸ್ಕೃತದಲ್ಲಿ ‘ಮಧು’. ಅರ್ಥ ಒಂದೇ, ಮೊದಲಕ್ಷರವೂ ಒಂದೇ, ಮೂಲ ಮಾತ್ರ ಬೇರೆ ಬೇರೆ. ಗುಲಾಬಿಯ ‘ರೋಸಾ’ಕ್ಕೂ ನಮ್ಮ ‘ರಸ’ಕ್ಕೂ ಸಂಬಂಧವಿಲ್ಲ. ಆದರೆ ರೋಸ್ಮರೈನಸ್ ಎಂಬ ಸುಗಂಧದ ಗಿಡದಲ್ಲಿರುವುದು ಗುಲಾಬಿಯಲ್ಲ, ಇಬ್ಬನಿ ಎಂಬರ್ಥದ ‘ರೋಸ್’. ಹೆಸರಿನ ಅರ್ಥ ‘ಕಡಲ ಇಬ್ಬನಿ’. ರಸಕ್ಕೆ ನೆಂಟನಾಗಿರುವುದು ಈ ಇಬ್ಬನಿ.

ಪದದ ಅರ್ಥ ತಿಳಿದ ಮಾತ್ರಕ್ಕೆ ಜೀವಿಯ ಬಗ್ಗೆ ಸತ್ಯ ತಿಳಿಯಿತೆಂದು ಭಾವಿಸುವುದು ಇನ್ನೊಂದು ಅಪಾಯ, ಮತ್ತು ನನ್ನ ದೃಷ್ಟಿಯಲ್ಲಿ ಹೆಚ್ಚು ದೊಡ್ಡದು. ಹೆಸರು ಹೇಳುವುದು ಹೆಸರಿಟ್ಟವನಿಗೆ ಆ ದಿನ ಏನು ಗೊತ್ತಿತ್ತೆಂಬುದನ್ನು. ಸ್ವರ್ಗದ ಹಕ್ಕಿಯೊಂದಕ್ಕೆ ಲಿನೇಯಸ್ 1758ರಲ್ಲಿ ಪ್ಯಾರಡೈಸಿಯಾ ಅಪೋಡಾ, ‘ಕಾಲಿಲ್ಲದ ಸ್ವರ್ಗಪಕ್ಷಿ’, ಎಂದು ಹೆಸರಿಟ್ಟನು; ವ್ಯಾಪಾರಿಗಳ ಮೂಲಕ ಯುರೋಪಿಗೆ ಬರುತ್ತಿದ್ದ ಒಣಗಿಸಿದ ಚರ್ಮಗಳಿಂದ ಕಾಲುಗಳನ್ನು ಮೊದಲೇ ಕತ್ತರಿಸಿರುತ್ತಿದ್ದರು. ಏಷ್ಯಾದ ಆನೆ ಎಲಿಫಾಸ್ ಮ್ಯಾಕ್ಸಿಮಸ್, ‘ಅತ್ಯಂತ ದೊಡ್ಡದು’. ಆಫ್ರಿಕದ ಆನೆ ಅದಕ್ಕಿಂತ ದೊಡ್ಡದೆಂಬುದು ಹೆಸರನ್ನು ಅಲುಗಿಸಿಲ್ಲ. ಹುಣಿಸೆಯ ಹೆಸರಂತೂ ಎರಡು ಬಾರಿ ಒಂದೇ ತಪ್ಪನ್ನು ಮಾಡುತ್ತದೆ: ಟ್ಯಾಮರಿಂಡಸ್ ಎಂಬುದು ‘ಹಿಂದ್ ದೇಶದ ಖರ್ಜೂರ’ ಎಂಬ ಅರಬ್ಬೀ ಮಾತಿನಿಂದ ಬಂದಿದ್ದು, ಅದರ ಮೇಲೆ ‘ಇಂಡಿಕಾ’ ಎಂದು ಮತ್ತೊಮ್ಮೆ ಹೇಳಲಾಗಿದೆ, ಮರದ ತವರು ಮಾತ್ರ ಉಷ್ಣವಲಯದ ಆಫ್ರಿಕ. ಜೊಜೋಬಾ ಗಿಡ ಉತ್ತರ ಅಮೆರಿಕದ ಮರುಭೂಮಿಯದಾದರೂ ಅದರ ಹೆಸರು ಸಿಮಂಡ್ಸಿಯಾ ಚೈನೆನ್ಸಿಸ್, ಅಂದರೆ ಚೀನಾದ್ದು. ಪೀಚ್ ಹಣ್ಣಿನ ಮರ ಪ್ರೂನಸ್ ಪರ್ಸಿಕಾ, ಪರ್ಷಿಯದ್ದು. ಅದು ನಿಜವಾಗಿ ಚೀನಾದ್ದು. ಮಾದಳದ ಸಿಟ್ರಸ್ ಮೆಡಿಕಾವನ್ನು ‘ಔಷಧೀಯ’ ಎಂದು ಅನುವಾದಿಸಿದ ಪುಸ್ತಕಗಳನ್ನು ನಾನು ಕಂಡಿದ್ದೇನೆ. ಅದರ ನಿಜವಾದ ಅರ್ಥ ‘ಮೀಡಿಯಾ ನಾಡಿನದು’, ಪ್ರಾಚೀನ ಇರಾನಿನ ಒಂದು ಭಾಗದ ಹೆಸರು ಅದು.

ಎಲ್ಲಕ್ಕಿಂತ ಸೊಗಸಾದ ತಪ್ಪು ನಮ್ಮ ಕಾಡಿನ ಕರಡಿಯದು. ಅದರ ಉದ್ದ ಉಗುರುಗಳನ್ನು ನೋಡಿ ಜಾರ್ಜ್ ಶಾ 1791ರಲ್ಲಿ ಅದನ್ನು ಅಮೆರಿಕದ ಸ್ಲಾತ್ ಎಂಬ ಮಂದಗಾಮಿ ಪ್ರಾಣಿಯ ಕುಲಕ್ಕೆ ಸೇರಿಸಿ ಬ್ರಾಡಿಪಸ್ ಉರ್ಸೈನಸ್, ‘ಕರಡಿಯಂಥ ಸ್ಲಾತ್’, ಎಂದು ಕರೆದನು. ಕುಲವನ್ನು ತಿದ್ದಿ ಮೆಲರ್ಸಸ್, ‘ಜೇನುಕರಡಿ’, ಎಂದು ಮಾಡಿದರೂ ಎರಡನೆಯ ಪದವನ್ನು ಮುಟ್ಟುವಂತಿರಲಿಲ್ಲ. ಹೀಗಾಗಿ ಇಂದು ಅದರ ಹೆಸರು ಮೆಲರ್ಸಸ್ ಉರ್ಸೈನಸ್, ‘ಕರಡಿಯಂಥ ಜೇನುಕರಡಿ’. ಹೆಸರಿನ ಅರ್ಥ ಹೊಂದುವುದಿಲ್ಲ ಎಂಬ ಕಾರಣಕ್ಕೆ ಅದನ್ನು ತಳ್ಳಿಹಾಕುವಂತಿಲ್ಲ ಎಂಬುದು ಸಸ್ಯಗಳ ಮತ್ತು ಪ್ರಾಣಿಗಳ ನಾಮಕರಣ ಸಂಹಿತೆಗಳೆರಡರ ನಿಯಮ. ಹಾಗೆ ತಿದ್ದಲು ಬಿಟ್ಟಿದ್ದರೆ ಪ್ರತಿ ತಲೆಮಾರೂ ತನ್ನ ತಿಳಿವಳಿಕೆಗೆ ತಕ್ಕಂತೆ ಹೆಸರು ಬದಲಿಸುತ್ತಿತ್ತು. ಸಸ್ಯಶಾಸ್ತ್ರಜ್ಞರು ಭಾಷೆಯ ವಿಷಯದಲ್ಲಿ ಇನ್ನೂ ಬಿಗಿಯಾಗಿದ್ದವರು: 1935ರಿಂದ 2011ರ ಕೊನೆಯವರೆಗೆ ಹೊಸ ಪ್ರಭೇದದ ವಿವರಣೆಯನ್ನು ಲ್ಯಾಟಿನ್ನಿನಲ್ಲಿಯೇ ಕೊಡಬೇಕೆಂಬ ನಿಯಮವಿತ್ತು, 2012ರಿಂದ ಇಂಗ್ಲಿಷಿನಲ್ಲಿಯೂ ಕೊಡಬಹುದು.

ಉಳಿದದ್ದು ತುಳಸಿ. ಅದರ ಹೆಸರು ಬದಲಾದುದಕ್ಕೂ ಅರ್ಥಕ್ಕೂ ಸಂಬಂಧವಿಲ್ಲ, ಕಾರಣ ಕೇವಲ ಇಸವಿ. ಲಿನೇಯಸ್ 1753ರಲ್ಲಿ ಟೆನ್ಯುಯಿಫ್ಲೋರಮ್ ಎಂಬ ಹೆಸರನ್ನೂ 1767ರಲ್ಲಿ ಸ್ಯಾಂಕ್ಟಮ್ ಎಂಬ ಹೆಸರನ್ನೂ ಎರಡು ಬೇರೆ ಗಿಡಗಳೆಂದು ತಿಳಿದು ಇಟ್ಟಿದ್ದನು. ಎರಡೂ ಒಂದೇ ಪ್ರಭೇದವೆಂದು ತೀರ್ಮಾನವಾದಾಗ ಮೊದಲು ಪ್ರಕಟವಾದ ಹೆಸರಿಗೆ ಆದ್ಯತೆ ಎಂಬ ನಿಯಮದಂತೆ ಹದಿನಾಲ್ಕು ವರ್ಷ ಹಿರಿದಾದುದು ಉಳಿಯಿತು. ‘ಪವಿತ್ರ’ ಎಂಬರ್ಥದ ಸ್ಯಾಂಕ್ಟಮ್ ಅದರ ಪರ್ಯಾಯನಾಮವಾಯಿತು. ಹೊಸದೆಂದು ನೀವು ಬರೆದಿರುವ ಹೆಸರೇ ವಾಸ್ತವವಾಗಿ ಹಳೆಯದು. ಅದನ್ನು ನೀವೇ ಈಗ ಬಿಡಿಸಬಹುದು: ಆಸಿಮಮ್ ಗ್ರೀಕ್ ಮೂಲದ ನಪುಂಸಕಲಿಂಗ ಪದವಾದುದರಿಂದ ವಿಶೇಷಣ ‘-ಅಮ್’ ಎಂದು ಮುಗಿದಿದೆ, ‘ಫ್ಲೋರಮ್’ ಇರುವುದರಿಂದ ಅದು ಹೂವಿನ ಬಗೆಗಿನ ಬಹುವ್ರೀಹಿ, ‘ಟೆನ್ಯುಯಿ’ ಎಂಬುದು ತೆಳುವಾದ ಎಂಬರ್ಥದ ‘ತೆನುಯಿಸ್’. ಸಂಸ್ಕೃತದಲ್ಲಿ ಅದರ ಒಡಹುಟ್ಟು ‘ತನು’, ತೆಳುಮೈಯವಳನ್ನು ‘ತನ್ವಿ’ ಎಂದು ಕರೆಯುವಾಗ ಇರುವಂಥದು.